ಉಪ್ಪಿನ ಭರಣಿಯಲ್ಲಿ ಜೀವಕೋಶ: ಮಿಡಿ ಚಿರುಟಿದರೂ ಕರುಂ ಅನ್ನುವುದೇಕೆ?

ಪ್ರಶ್ನೆ: ನಾವು ಶಿರಸಿ ಕಡೆಯವರು. ಮಗಳು ಒಂಬತ್ತನೇ ತರಗತಿ. ‘ಕೋಶಭಿತ್ತಿ ಆಕಾರ ಕೊಡುತ್ತದೆ, ಮೈಟೊಕಾಂಡ್ರಿಯ ಶಕ್ತಿ ಕೊಡುತ್ತದೆ’ ಎಂದು ಜೀವಕೋಶದ ಪಾಠವನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಅಪ್ಪೆಮಿಡಿ ಉಪ್ಪಿಗೆ ಹಾಕುವಾಗ ಪಕ್ಕದಲ್ಲಿ ಕೂತು ಕೇಳಿದಳು: ‘ಆಯಿ, ಉಪ್ಪಲ್ಲಿರೋ ಮಿಡಿಯ ಜೀವಕೋಶ ಬದುಕಿರ್ತದಾ, ಸತ್ತಿರ್ತದಾ? ಸತ್ತಿದ್ರೆ ವರ್ಷ ಕಳೆದ್ರೂ ಕರುಂ ಅನ್ನೋದು ಹೇಗೆ?’ ನನಗೆ ಉತ್ತರ ಹೊಳೆಯಲಿಲ್ಲ. ಕೋಶದ ಭಾಗಗಳು ನಿಜಕ್ಕೂ ಏನು ಮಾಡುತ್ತವೆ ಎಂದು ಇದೇ ಮಿಡಿಯನ್ನಿಟ್ಟುಕೊಂಡು ವಿವರಿಸಬಹುದೇ?

ಉತ್ತರ: ಖಂಡಿತ ವಿವರಿಸಬಹುದು. ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿಯೇ ವಿವರಿಸಬಹುದು. ಮೊದಲು ನೇರ ಉತ್ತರ ಹೇಳುತ್ತೇನೆ. ಉಪ್ಪಿಗೆ ಬಿದ್ದಾಗ ಮಿಡಿಯ ಕೋಶಗಳು ಬದುಕಿರುತ್ತವೆ. ಕೆಲವೇ ದಿನಗಳಲ್ಲಿ ಸಾಯುತ್ತವೆ. ವರ್ಷದ ಮೇಲೆ ನೀವು ಕಚ್ಚಿದಾಗ ಕರುಂ ಅನ್ನುವುದು ಕೋಶದ ಜೀವವಿರುವ ಭಾಗವಲ್ಲ, ಅದರ ಸುತ್ತಲಿನ ಭಿತ್ತಿ. ಭಿತ್ತಿಗೆ ತನ್ನದೇ ಜೀವವಿಲ್ಲ. ಕೋಶ ಬದುಕಿದ್ದಾಗ ಅದನ್ನು ಕಟ್ಟಿಕೊಂಡಿತ್ತು, ಕೋಶ ಹೋದ ಮೇಲೂ ಅದು ಉಳಿಯುತ್ತದೆ.

1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ತೆಳು ಹೋಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಸಣ್ಣ ಸಣ್ಣ ಗೂಡುಗಳನ್ನು ಕಂಡು ಅವಕ್ಕೆ ‘ಸೆಲ್’ ಎಂದು ಹೆಸರಿಟ್ಟ. ಬಿರಡೆ ಎಂದರೆ ಮರದ ಸತ್ತ ತೊಗಟೆ. ಹಾಗಾಗಿ ಅವನಿಗೆ ಕಂಡದ್ದು ಒಳಗೇನೂ ಇಲ್ಲದ ಭಿತ್ತಿಗಳು ಮಾತ್ರ. ಹಳೆಯ ಉಪ್ಪಿನಕಾಯಿಯ ಮಿಡಿಯಲ್ಲಿ ಗಟ್ಟಿಯಾಗಿ ಉಳಿದಿರುವುದೂ ಅದೇ.

ಮಗಳಿಗೆ ಭಾಗಗಳ ಪಟ್ಟಿಯನ್ನು ಒಪ್ಪಿಸಲು ಹೇಳುವುದಕ್ಕೆ ಮೊದಲು ಒಂದು ವಿಷಯ ಮನಸ್ಸಿಗೆ ಹೋಗಲಿ. ಕೋಶದ ಬದುಕು ನಡೆಯುವುದು ಒಂದರ ಜತೆ ಒಂದು ಬೆರೆಯಬಾರದ ವಸ್ತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದರಿಂದ. ಪುಸ್ತಕದಲ್ಲಿ ಗೆರೆ ಎಳೆದು ಹೆಸರು ಬರೆದಿರುವ ಭಾಗಗಳಲ್ಲಿ ಹೆಚ್ಚಿನವು ತೆಳುವಾದ ಪೊರೆಯಿಂದ ಸುತ್ತುವರಿದ ಬೇರೆ ಬೇರೆ ಜಾಗಗಳು. ಆ ಪೊರೆಗಳು ಇರುವಷ್ಟು ದಿನ ಕೋಶ ಬದುಕಿರುತ್ತದೆ. ಭರಣಿಯೊಳಗೆ ನಡೆಯುವುದೆಲ್ಲ ಆ ಪೊರೆಗಳು ಮೊದಲು ತಡೆದು, ಆಮೇಲೆ ಸೋಲುವ ಕಥೆ.

ಹೊಳೆಸಾಲಿನ ಮರದಿಂದ ಈಗಷ್ಟೇ ಇಳಿಸಿದ ಮಿಡಿಯನ್ನು ತೆಗೆದುಕೊಳ್ಳಿ. ಗಿಡಗಳ ಒಂದು ಕೋಶದ ಅಳತೆ ಸಾಮಾನ್ಯವಾಗಿ ಮಿಲಿಮೀಟರಿನ ನೂರನೇ ಒಂದು ಪಾಲಿನಿಂದ ಹತ್ತನೇ ಒಂದು ಪಾಲಿನವರೆಗೆ. ಬೆಳೆದ ಕೋಶದೊಳಗೆ ಅತಿ ಹೆಚ್ಚು ಜಾಗ ಹಿಡಿಯುವುದು ಕೋಶಕೇಂದ್ರವಲ್ಲ, ರಸದಾನಿ (ವ್ಯಾಕ್ಯೂಲ್), ಅಂದರೆ ರಸ ತುಂಬಿದ ಪೊರೆಯ ಚೀಲ. ಎಷ್ಟೋ ಕೋಶಗಳಲ್ಲಿ ಶೇಕಡಾ 80-90ರಷ್ಟು ಜಾಗ ಅದರದ್ದೇ. ಪಾಠದಲ್ಲಿ ಇದಕ್ಕೆ ಒಂದೋ ಎರಡೋ ಸಾಲು ಸಿಕ್ಕಿರುತ್ತದೆ, ಅದು ಅನ್ಯಾಯ. ಮಿಡಿಯ ಹುಳಿಯೆಲ್ಲ ಇರುವುದು ಇಲ್ಲೇ. ಸಿಟ್ರಿಕ್ ಆಮ್ಲ, ಮ್ಯಾಲಿಕ್ ಆಮ್ಲಗಳು ರಸದಾನಿಯೊಳಗೆ ತುಂಬಿರುತ್ತವೆ. ಅಲ್ಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3ರ ಆಸುಪಾಸು. ಅದರ ಹೊರಗಡೆ, ರಸದಾನಿಗೂ ಕೋಶಪೊರೆಗೂ ನಡುವಿನ ತೆಳುವಾದ ಕೋಶದ್ರವ್ಯದಲ್ಲಿ ಪಿಎಚ್ 7ಕ್ಕೆ ತುಸು ಮೇಲೆ. ಆಮ್ಲೀಯತೆಯ ಲೆಕ್ಕದಲ್ಲಿ ಇದು ಹತ್ತು ಸಾವಿರ ಪಟ್ಟು ವ್ಯತ್ಯಾಸ, ನಡುವೆ ಇರುವುದು ಒಂದೇ ಪೊರೆ. ಅದರ ದಪ್ಪವೋ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟೂ ಇಲ್ಲ! ಆ ಪೊರೆಯಲ್ಲಿ ಕೂತ ಪ್ರೋಟೀನುಗಳು ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳನ್ನು ಒಳಕ್ಕೆ ತಳ್ಳುತ್ತಲೇ ಇರುತ್ತವೆ. ತಳ್ಳುವುದಕ್ಕೆ ಶಕ್ತಿ ಬೇಕು, ಶಕ್ತಿ ಬರುವುದು ಎಟಿಪಿ ಎಂಬ ಅಣುವಿನಿಂದ, ಆ ಎಟಿಪಿಯ ಬಹುಪಾಲು ತಯಾರಾಗುವುದು ಮೈಟೊಕಾಂಡ್ರಿಯಗಳಲ್ಲಿ. ‘ಮೈಟೊಕಾಂಡ್ರಿಯ ಶಕ್ತಿ ಕೊಡುತ್ತದೆ’ ಎಂಬ ಸಾಲಿನ ಅರ್ಥ ಇದು. ಮಿಡಿ ಹುಳಿಯಾಗಿರುವುದಕ್ಕೂ ಮೈಟೊಕಾಂಡ್ರಿಯ ದುಡಿಯಬೇಕು.

ಕೊಯ್ದ ಮೇಲೂ ಅವು ದುಡಿಯುತ್ತವೆ. ಮಿಡಿ ತುಂಬಿದ ಮೂಟೆಯೊಳಗೆ ಕೈಯಿಟ್ಟರೆ ಬೆಚ್ಚಗಿರುವುದನ್ನು ನೀವೂ ಗಮನಿಸಿರಬಹುದು. ಅದು ಉಸಿರಾಟದ ಶಾಖ. ಮರದಿಂದ ಬರುವ ಆಹಾರ ನಿಂತುಹೋಗಿದೆ, ಆದರೆ ಕೋಶಗಳು ತಮ್ಮಲ್ಲಿದ್ದ ಸಕ್ಕರೆ, ಆಮ್ಲಗಳನ್ನೇ ಉರಿಸುತ್ತ ಬದುಕು ಸಾಗಿಸುತ್ತಿವೆ. ಮಿಡಿ ತಂದ ದಿನವೇ ಉಪ್ಪಿಗೆ ಹಾಕಿ ಎಂದು ಹಿರಿಯರು ಅವಸರ ಮಾಡುವುದರಲ್ಲಿ ಅರ್ಥವಿದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಶಾಖವೂ ತೇವವೂ ಒಟ್ಟಾಗಿ ಬೂಸ್ಟಿಗೆ ದಾರಿಯಾಗುತ್ತದೆ.

ರಸದಾನಿಯಲ್ಲಿ ಇಷ್ಟೆಲ್ಲ ಕರಗಿರುವುದರಿಂದ ನೀರು ಹೊರಗಿನಿಂದ ಒಳಗೆ ನುಗ್ಗಲು ನೋಡುತ್ತದೆ. ಒಳಗೆ ಬಂದ ನೀರು ಪೊರೆಯನ್ನು ಭಿತ್ತಿಗೆ ಒತ್ತುತ್ತದೆ. ಈ ಒತ್ತಡ ಗಿಡಗಳ ಕೋಶಗಳಲ್ಲಿ ಸಾಧಾರಣವಾಗಿ ವಾತಾವರಣದ ಒತ್ತಡದ ಮೂರರಿಂದ ಹತ್ತು ಪಟ್ಟು ಇರುತ್ತದೆ. ಕಾರಿನ ಟೈರಿನಲ್ಲಿ ನಾವು ತುಂಬಿಸುವುದು ಎರಡು ಪಟ್ಟಿಗೆ ತುಸು ಹೆಚ್ಚು, ಅಷ್ಟೆ. ಭಿತ್ತಿ ಇಲ್ಲದಿದ್ದರೆ ಕೋಶ ಒಡೆದೇ ಹೋಗುತ್ತಿತ್ತು. ನಮ್ಮ ರಕ್ತದ ಕೆಂಪುಕೋಶಗಳಿಗೆ ಭಿತ್ತಿಯಿಲ್ಲ. ಅವನ್ನು ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತವೆ.

ಈಗ ಕಲ್ಲುಪ್ಪು ಬಿತ್ತು ಎನ್ನಿ. 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಬಲ್ಲದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ. ಅಂದರೆ ಉಪ್ಪು ಪೂರ್ತಿ ಕರಗಿದ ಭರಣಿಯ ನೀರು ಗೋಕರ್ಣದ ಕಡಲಿಗಿಂತ ಸುಮಾರು ಹತ್ತು ಪಟ್ಟು ಉಪ್ಪು. ಮಿಡಿಯ ಸುತ್ತ ಇಷ್ಟು ಉಪ್ಪಿರುವಾಗ ನೀರು ಹರಿಯುವ ದಿಕ್ಕು ತಿರುಗುತ್ತದೆ, ಒಳಗಿನದು ಹೊರಗೆ ಬರುತ್ತದೆ. ಇದೇ ಅಭಿಸರಣೆ. ಪೊರೆಯಲ್ಲಿ ನೀರಿಗೆಂದೇ ಪ್ರೋಟೀನಿನ ಸಣ್ಣ ಕೊಳವೆಗಳಿವೆ. ಅವುಗಳ ಮೂಲಕ ನೀರು ಸರಾಗವಾಗಿ ಹಾಯುತ್ತದೆ, ಉಪ್ಪಿಗೆ ಪ್ರವೇಶವಿಲ್ಲ. 1992ರಲ್ಲಿ ಇವುಗಳನ್ನು ಪತ್ತೆಹಚ್ಚಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನೀವು ಒಂದು ಹನಿ ನೀರನ್ನೂ ಹಾಕದಿದ್ದರೂ ಮರುದಿನ ಭರಣಿಯ ತಳದಲ್ಲಿ ನೀರು ಬಿಟ್ಟಿರುತ್ತದಲ್ಲ, ಅದು ಇದೇ ದಾರಿಯಿಂದ ಬಂದ ರಸದಾನಿಯ ನೀರು.

ನೀರು ಹೋದಂತೆ ರಸದಾನಿ ಕುಗ್ಗುತ್ತದೆ, ಕೋಶಪೊರೆ ಭಿತ್ತಿಯಿಂದ ಕಿತ್ತುಕೊಂಡು ನಡುವಿಗೆ ಮುದುಡುತ್ತದೆ. ಒತ್ತಡ ಇಳಿದ ಭಿತ್ತಿಗಳು ಸಡಿಲಗೊಂಡು ಒಂದರ ಮೇಲೊಂದು ಒರಗುತ್ತವೆ. ಹೊರಗೆ ನಮಗೆ ಕಾಣುವುದು ಚಿರುಟಿದ ಮಿಡಿ. ಈ ಘಟ್ಟದಲ್ಲಿ ಕೋಶ ಇನ್ನೂ ಬದುಕಿದೆ. ಆಗಲೇ ತೆಗೆದು ಸಿಹಿನೀರಿಗೆ ಹಾಕಿದರೆ ಕೆಲವು ಕೋಶಗಳು ಮತ್ತೆ ತುಂಬಿಕೊಳ್ಳಬಲ್ಲವು.

ಆದರೆ ಭರಣಿಯಲ್ಲಿ ಆ ಅವಕಾಶವಿಲ್ಲ. ನೀರು ಕಡಿಮೆಯಾದ ಕೋಶದ್ರವ್ಯದಲ್ಲಿ ಪ್ರೋಟೀನುಗಳು ಕೆಲಸ ನಿಲ್ಲಿಸುತ್ತವೆ, ಮೈಟೊಕಾಂಡ್ರಿಯ ಸೋಲುತ್ತದೆ, ಎಟಿಪಿ ಇಲ್ಲದೆ ಪೊರೆಯ ಪಂಪುಗಳು ನಿಲ್ಲುತ್ತವೆ, ಕಡೆಗೆ ಪೊರೆಗಳೇ ಹರಿಯುತ್ತವೆ. ಮಿಡಿಯ ಒಳಗೆ ಉಪ್ಪು ಹಿಡಿಯುವುದು ಈಗ. ಇಲ್ಲಿಯವರೆಗೆ ಅದು ಹೊರಗೇ ಇತ್ತು. ಬದುಕಿರುವ ಪೊರೆ ಉಪ್ಪನ್ನು ತಡೆಯುತ್ತದೆ, ಸತ್ತ ಪೊರೆ ತಡೆಯುವುದಿಲ್ಲ. ಕೋಶ ಯಾವಾಗ ಸತ್ತಿತು ಎಂದು ಕೇಳಿದರೆ ನಾನು ಈ ಕ್ಷಣವನ್ನೇ ತೋರಿಸುತ್ತೇನೆ.

ಇದಕ್ಕೆ ಬಣ್ಣದ ಸಾಕ್ಷಿಯೂ ಇದೆ. ಹಸಿ ಮಿಡಿಯ ಕಡು ಹಸಿರು ಬರುವುದು ಸಿಪ್ಪೆಯ ಕೋಶಗಳಲ್ಲಿರುವ ಕ್ಲೋರೋಪ್ಲಾಸ್ಟುಗಳಿಂದ. ಅವುಗಳ ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಷಿಯಂ ಇದೆ. ಆಮ್ಲ ತಾಗಿದರೆ ಮೆಗ್ನೀಷಿಯಂ ಕಳಚಿ ಬೀಳುತ್ತದೆ, ಹಸಿರು ಹೋಗಿ ಮಾಸಲು ಕಂದು ಛಾಯೆ ಬರುತ್ತದೆ. ಹುಳಿ ಅಷ್ಟು ದಿನವೂ ಅದೇ ಕೋಶದಲ್ಲಿ, ಕ್ಲೋರೋಪ್ಲಾಸ್ಟಿನ ಪಕ್ಕದಲ್ಲೇ ಇತ್ತಲ್ಲ! ಆದರೂ ಮಿಡಿ ಹಸಿರಾಗಿಯೇ ಇತ್ತು, ಏಕೆಂದರೆ ನಡುವೆ ರಸದಾನಿಯ ಪೊರೆ ಇತ್ತು. ಉಪ್ಪಿನಲ್ಲಿ ಮಿಡಿ ಬಣ್ಣಗೆಟ್ಟಿತು ಎಂದರೆ ಒಳಗಿನ ಪೊರೆ ಹರಿದು ಹುಳಿ ಹೊರಗೆ ಬಂದಿದೆ ಎಂದೇ ಲೆಕ್ಕ.

ಅಡುಗೆಮನೆಯಲ್ಲಿ ಈ ಬೆರಕೆಯ ಪರಿಣಾಮಗಳನ್ನು ದಿನವೂ ನೋಡುತ್ತೀರಿ. ಬಾಳೆಕುಂಡಿಗೆ (ಬಾಳೆಹೂವು) ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ರಸದಾನಿಯಲ್ಲಿದ್ದ ಒಗರಿನ ವಸ್ತುಗಳು ಬೇರೆಡೆಯಿದ್ದ ಒಂದು ಕಿಣ್ವದ ಜತೆ ಸೇರಿ, ಗಾಳಿಯ ಆಮ್ಲಜನಕವೂ ಸಿಕ್ಕಿ ಕಪ್ಪು ಬಣ್ಣ ಹುಟ್ಟುತ್ತದೆ. ಮಜ್ಜಿಗೆಯ ಹುಳಿ ಆ ಕಿಣ್ವವನ್ನು ಹಿಡಿದಿಡುತ್ತದೆ. ಈರುಳ್ಳಿ ಹೆಚ್ಚಿದಾಗ ಕಣ್ಣೀರು ತರಿಸುವ ವಸ್ತು ಇಡೀ ಈರುಳ್ಳಿಯಲ್ಲಿ ಇರುವುದೇ ಇಲ್ಲ. ರಸದಾನಿಯ ಕಿಣ್ವವೂ ಕೋಶದ್ರವ್ಯದ ಗಂಧಕದ ಸಂಯುಕ್ತವೂ ಕತ್ತಿಯಿಂದಾಗಿ ಕೂಡಿದ ಮೇಲೆ ಹುಟ್ಟುತ್ತದೆ. ಉಪ್ಪಿನಕಾಯಿಯ ಸಾಸಿವೆಯೂ ಹಾಗೆಯೇ. ಸಾಸಿವೆ ಕಾಳಿನಲ್ಲಿ ಖಾರದ ಮೂಲವಸ್ತು ಒಂದು ಬಗೆಯ ಕೋಶದಲ್ಲಿ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಬಗೆಯ ಕೋಶದಲ್ಲಿ ಇರುತ್ತವೆ. ನೀರು ಹಾಕಿ ಬೀಸಿದಾಗ ಎರಡೂ ಸೇರಿ ಮೂಗಿಗೆ ಏರುವ ಘಾಟು ಬರುತ್ತದೆ. ಆ ಘಾಟಿನ ವಸ್ತು ಸೂಕ್ಷ್ಮಜೀವಿಗಳಿಗೆ ವಿಷ. ಸಾಸಿವೆಯನ್ನು ಮೊದಲೇ ಕುದಿಸಿಬಿಟ್ಟರೆ ಕಿಣ್ವ ಕೆಟ್ಟು ಆ ಘಾಟು ಬರುವುದಿಲ್ಲ.

ಇನ್ನು ಕರುಂ ಅನ್ನುವ ಭಿತ್ತಿ. ಸೆಲ್ಯುಲೋಸಿನ ಎಳೆಗಳು ಅದರ ಬಲ. ಎಳೆಗಳ ನಡುವೆ, ಮತ್ತು ಪಕ್ಕಪಕ್ಕದ ಎರಡು ಕೋಶಗಳ ನಡುವೆ ಅಂಟಿನಂತೆ ಇರುವುದು ಪೆಕ್ಟಿನ್. ಕ್ಯಾಲ್ಸಿಯಂ ಸಿಕ್ಕರೆ ಪೆಕ್ಟಿನ್ ಸರಪಳಿಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಳ್ಳುತ್ತವೆ. ಮಾವು ಹಣ್ಣಾಗುವಾಗ ಕೋಶವೇ ಪೆಕ್ಟಿನ್ ಕರಗಿಸುವ ಕಿಣ್ವಗಳನ್ನು ತಯಾರಿಸುತ್ತದೆ, ಹಾಗಾಗಿ ಹಣ್ಣು ಮೆತ್ತಗೆ. ಮಿಡಿಯಲ್ಲಿ ಆ ಕೆಲಸ ಇನ್ನೂ ಶುರುವಾಗಿರುವುದಿಲ್ಲ, ಕೋಶಗಳು ಗಟ್ಟಿಯಾಗಿ ಅಂಟಿಕೊಂಡೇ ಇರುತ್ತವೆ. ಗೊರಟು ಬಲಿಯುವ ಮೊದಲೇ ಕೊಯ್ಯುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮೇಲಾಗಿ ಹುಳಿಯಲ್ಲಿ ಪೆಕ್ಟಿನ್ ಬೇಗ ಒಡೆಯುವುದಿಲ್ಲ. ಹುಣಸೆಹುಳಿಯನ್ನು ಮೊದಲೇ ಹಾಕಿದರೆ ತರಕಾರಿ ಬೇಯುವುದಿಲ್ಲ ಎಂದು ನೀವೂ ಹೇಳುತ್ತೀರಲ್ಲ, ಕಾರಣ ಅದೇ. ಸಾಣಿಕಟ್ಟಾದಂಥ ಆಗರದ ಕಲ್ಲುಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಜತೆ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಇರುತ್ತವೆ. ಆ ಕ್ಯಾಲ್ಸಿಯಂ ಪೆಕ್ಟಿನಿಗೆ ನೆರವಾಗುತ್ತದೆ.

ಮಿಡಿ ಲೊಳಲೊಳ ಆಯಿತು ಎಂದರೆ ಪೆಕ್ಟಿನ್ ಹೋಯಿತು ಎಂದರ್ಥ, ಅದನ್ನು ತಿನ್ನುವವರು ಹೊರಗಿನಿಂದ ಬಂದಿರುತ್ತಾರೆ. ಬೂಸ್ಟು ಮತ್ತು ಬ್ಯಾಕ್ಟೀರಿಯಗಳಲ್ಲಿ ಕೆಲವಕ್ಕೆ ಪೆಕ್ಟಿನ್ ಕರಗಿಸುವ ಕಿಣ್ವಗಳಿವೆ. ಅವೂ ಕೋಶಗಳೇ. ಬ್ಯಾಕ್ಟೀರಿಯಕ್ಕೆ ಕೋಶಕೇಂದ್ರವಿಲ್ಲ, ಮೈಟೊಕಾಂಡ್ರಿಯವಿಲ್ಲ, ಆದರೆ ಪೊರೆಯಿದೆ. ಸಾಕಷ್ಟು ಉಪ್ಪಿದ್ದರೆ ಮಿಡಿಯ ಕೋಶಕ್ಕೆ ಆದದ್ದೇ ಅವಕ್ಕೂ ಆಗುತ್ತದೆ, ನೀರು ಕಳೆದುಕೊಂಡು ಸ್ತಬ್ಧವಾಗುತ್ತವೆ. ಉಪ್ಪು ಕಡಿಮೆ ಮಾಡಿ ಆರೋಗ್ಯ ಕಾಪಾಡಿಕೊಳ್ಳಬೇಕೆಂದರೆ ಉಪ್ಪಿನಕಾಯಿಯನ್ನು ಕಡಿಮೆ ತಿನ್ನಿ, ದಯವಿಟ್ಟು ಭರಣಿಯ ಉಪ್ಪಿಗೆ ಕೈ ಹಾಕಬೇಡಿ. ಮೇಲೆ ಬಿಳಿ ಪೊರೆ ಕಟ್ಟುವ ಕೆಲವು ಯೀಸ್ಟುಗಳು ಸಾಕಷ್ಟು ಉಪ್ಪನ್ನೂ ತಡೆಯಬಲ್ಲವು. ಅವಕ್ಕೆ ಗಾಳಿ ಬೇಕು, ಆದ್ದರಿಂದ ಮಿಡಿಗಳು ನೀರಿನಲ್ಲಿ ಪೂರ್ತಿ ಮುಳುಗಿರುವಂತೆ ಮೇಲೆ ಭಾರ ಇಡುವುದು ಒಳ್ಳೆಯ ಪದ್ಧತಿ.

ಅಪ್ಪೆಮಿಡಿಯ ವಿಷಯದಲ್ಲಿ ಸೊನೆಯನ್ನು ಬಿಟ್ಟು ಮಾತಾಡುವಂತಿಲ್ಲ. ತೊಟ್ಟು ಮುರಿಯದಂತೆ ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಇಳಿಸುವ ಶ್ರಮವೆಲ್ಲ ಅದಕ್ಕಾಗಿಯೇ. ಸೊನೆ ಇರುವುದು ಕೋಶದೊಳಗಲ್ಲ, ಕೋಶಗಳ ನಡುವೆ ಹರಿಯುವ ಸಣ್ಣ ನಾಳಗಳಲ್ಲಿ. ಆ ನಾಳಗಳ ಸುತ್ತ ಸಾಲುಗಟ್ಟಿ ನಿಂತ ಕೋಶಗಳು ಸೊನೆಯನ್ನು ತಯಾರಿಸಿ ನಾಳಕ್ಕೆ ಬಿಡುತ್ತವೆ. ಪರಿಮಳ ಕೊಡುವ ಟರ್ಪೀನುಗಳಲ್ಲಿ ಹಲವು ಹುಟ್ಟುವುದು ಪ್ಲಾಸ್ಟಿಡ್‌ಗಳಲ್ಲಿ. ಪ್ಲಾಸ್ಟಿಡ್ ಎಂದರೆ ಕ್ಲೋರೋಪ್ಲಾಸ್ಟಿನ ಕುಟುಂಬದ್ದೇ ಅಂಗ, ಬಣ್ಣವಿರಲೇಬೇಕೆಂದಿಲ್ಲ. ಮಕ್ಕಳಿಗೆ ಪ್ಲಾಸ್ಟಿಡ್ ಎಂದರೆ ಹಸಿರು ಎಂದಷ್ಟೇ ಗೊತ್ತಿರುತ್ತದೆ, ಜೀರಿಗೆ ಅಪ್ಪೆಯ ಘಮದಲ್ಲೂ ಅದರ ಪಾಲಿದೆ ಎಂದು ಹೇಳಿ. ಹೀಗೆ ಸ್ರವಿಸುವ ಕೆಲಸವಿರುವ ಕೋಶಗಳಲ್ಲಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲ ದಟ್ಟವಾಗಿರುತ್ತದೆ. ಅದರ ಮೇಲೆ ಅಂಟಿದ ರೈಬೋಸೋಮುಗಳು ಪ್ರೋಟೀನು ಹೆಣೆಯುತ್ತವೆ. ಗಾಲ್ಗಿ ಸಂಕೀರ್ಣ ಆ ಪ್ರೋಟೀನುಗಳಿಗೆ ಅಂತಿಮ ರೂಪ ಕೊಟ್ಟು, ಸಣ್ಣ ಕೋಶಿಕೆಗಳಲ್ಲಿ ತುಂಬಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸುತ್ತದೆ. ಭಿತ್ತಿಯ ಪೆಕ್ಟಿನ್ ತಯಾರಾಗುವುದೂ ಗಾಲ್ಗಿಯಲ್ಲೇ. ಲೈಸೋಸೋಮಿನ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಪ್ರಾಣಿಕೋಶದಲ್ಲಿ ಹಳತನ್ನು ಒಡೆದು ಹಾಕುವ ಅದರ ಕೆಲಸವನ್ನು ಗಿಡದಲ್ಲಿ ಬಹುಮಟ್ಟಿಗೆ ರಸದಾನಿಯೇ ಮಾಡುತ್ತದೆ.

ಯಾವ ಕಿಣ್ವ ಎಷ್ಟು, ಯಾವ ಟರ್ಪೀನು ಹೆಚ್ಚು ಎಂಬುದಕ್ಕೆ ಮೂಲ ಕೋಶಕೇಂದ್ರದ ಡಿಎನ್‌ಎ. ಮಾವಿನ ಕೋಶದಲ್ಲಿ 40 ವರ್ಣತಂತುಗಳಿವೆ, ನಮ್ಮಲ್ಲಿ 46. ಕೋಶಕೇಂದ್ರಕ್ಕೆ ಹೆಸರು ಕೊಟ್ಟ ರಾಬರ್ಟ್ ಬ್ರೌನ್ 1831ರಲ್ಲಿ ಅದನ್ನು ಗುರುತಿಸಿದ್ದು ಆರ್ಕಿಡ್ ಗಿಡಗಳಲ್ಲಿ, ಅಂದರೆ ನಿಮ್ಮ ಕಡೆ ಮರದ ಮೇಲೆ ಹೂಬಿಡುವ ಸೀತಾಳೆ ದಂಡೆಯ ಬಳಗದಲ್ಲಿ. ಹೆಸರಾದ ಅಪ್ಪೆ ಮರದ ಗೊರಟು ನೆಟ್ಟರೆ ತಾಯಿಮರದ ಮಿಡಿಯೇ ಬರುತ್ತದೆಂಬ ಭರವಸೆಯಿಲ್ಲ, ಏಕೆಂದರೆ ಬೀಜದ ಕೋಶಕೇಂದ್ರದಲ್ಲಿ ಪರಾಗ ಕೊಟ್ಟ ಮರದ ಪಾಲೂ ಸೇರಿರುತ್ತದೆ. ಕಸಿ ಕಟ್ಟಿದಾಗ ಟೊಂಗೆಯ ಕೋಶಗಳೇ ಇಬ್ಭಾಗವಾಗುತ್ತ ಬೆಳೆಯುವುದರಿಂದ ಅದೇ ಡಿಎನ್‌ಎ ಮುಂದುವರಿಯುತ್ತದೆ. ಹೊಳೆಸಾಲಿನ ಹಳೆಯ ಮರಗಳು ಒಂದೊಂದಾಗಿ ಬೀಳುತ್ತಿರುವಾಗ ಕಸಿ ಮಾಡಿ ಉಳಿಸುವವರ ಕೆಲಸ ಎಷ್ಟು ದೊಡ್ಡದು ಎಂಬುದು ಇಲ್ಲಿ ತಿಳಿಯುತ್ತದೆ. ಒಂದು ಮರ ಹೋದರೆ ಆ ಪರಿಮಳದ ಬರಹವೇ ಹೋಗುತ್ತದೆ.

ಮಗಳು ಮುಂದೆ ಖಂಡಿತ ಕೇಳುತ್ತಾಳೆ, ಉಪ್ಪು ಕೋಶವನ್ನು ಕೊಲ್ಲುವುದಾದರೆ ಅಘನಾಶಿನಿ ಅಳಿವೆಯ ಉಪ್ಪುನೀರಿನಲ್ಲಿ ನಿಂತ ಕಾಂಡ್ಲಾ ಗಿಡಗಳು ಬದುಕುವುದು ಹೇಗೆ ಎಂದು. ಅಲ್ಲಿಯೂ ಉತ್ತರ ರಸದಾನಿಯಲ್ಲೇ ಇದೆ. ಉಪ್ಪು ತಡೆಯುವ ಗಿಡಗಳು ಒಳಬಂದ ಸೋಡಿಯಂ ಅನ್ನು ಕೋಶದ್ರವ್ಯದಲ್ಲಿ ಇರಗೊಡದೆ ರಸದಾನಿಗೆ ತಳ್ಳಿ ಕೂಡಿಡುತ್ತವೆ. ಆಗ ಕೋಶದ್ರವ್ಯದ ನೀರನ್ನು ರಸದಾನಿ ಎಳೆದುಕೊಳ್ಳಬಾರದಲ್ಲ, ಅದಕ್ಕೆ ಪ್ರೋಲೀನ್, ಬೀಟೇನ್‌ಗಳಂಥ ನಿರಪಾಯಕಾರಿ ವಸ್ತುಗಳನ್ನು ಕೋಶದ್ರವ್ಯದಲ್ಲಿ ತುಂಬಿಕೊಂಡು ಸಮ ಮಾಡುತ್ತವೆ. ಕಾಂಡ್ಲಾದ ಕೆಲವು ಜಾತಿಗಳಿಗೆ ಎಲೆಯ ಮೇಲೆ ಉಪ್ಪು ಹೊರಹಾಕುವ ಗ್ರಂಥಿಗಳೂ ಇವೆ. ಬಿಸಿಲಿನಲ್ಲಿ ಎಲೆಯ ಮೇಲೆ ಉಪ್ಪಿನ ಹರಳು ಮಿನುಗುವುದನ್ನು ನೋಡಬಹುದು. ಕುಮಟಾ ಕಡೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಬೆಳೆಯುವ ಕಗ್ಗ ಭತ್ತವೂ ಉಪ್ಪುನೀರನ್ನು ತಾಳಿಕೊಳ್ಳುತ್ತದೆ. ಬೇರೆ ತಳಿಯ ಭತ್ತ ಅಲ್ಲಿ ನಿಲ್ಲುವುದು ಕಷ್ಟ.

ಕಾರವಾರದ ಒಣಮೀನನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಅದಕ್ಕೂ ಉಪ್ಪೇ ಹಾಕುವುದು, ನೀರು ಹೊರಬರುವುದೂ ಹೀಗೆಯೇ. ಆದರೆ ಮೀನಿನ ಕೋಶಕ್ಕೆ ಭಿತ್ತಿಯಿಲ್ಲ. ಪೊರೆ ಹೋದ ಮೇಲೆ ಉಳಿಯುವುದು ಸ್ನಾಯುವಿನ ಪ್ರೋಟೀನು, ಅದು ಒಣಗಿ ನಾರಾಗುತ್ತದೆ, ಜಗಿಯಬೇಕಾಗುತ್ತದೆ. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ವ್ಯತ್ಯಾಸ ಬರೆಯಿರಿ ಎಂಬ ಪರೀಕ್ಷೆಯ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

ಕಣ್ಣಾರೆ ನೋಡುವ ಆಸೆಯಿದ್ದರೆ ಶಾಲೆಯ ಸೂಕ್ಷ್ಮದರ್ಶಕ ಸಾಕು. ಅಂಗಳದಲ್ಲಿ ಬೆಳೆಸುವ, ಮೇಲೆ ಹಸಿರು, ಕೆಳಗೆ ನೇರಳೆ ಬಣ್ಣವಿರುವ ರಿಯೋ ಗಿಡದ ಎಲೆ ತನ್ನಿ. ನೇರಳೆ ಬದಿಯ ತೆಳು ಸಿಪ್ಪೆಯನ್ನು ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿಡಿ. ಬಣ್ಣ ಇರುವುದು ರಸದಾನಿಯಲ್ಲಿ, ಆದ್ದರಿಂದ ಪ್ರತಿ ಕೋಶವೂ ತುಂಬ ನೇರಳೆಯಾಗಿ ಕಾಣುತ್ತದೆ. ಈಗ ಬದಿಯಿಂದ ಗಟ್ಟಿ ಉಪ್ಪುನೀರು ಬಿಟ್ಟು ಕೆಲವು ನಿಮಿಷ ಕಾಯಿರಿ. ಭಿತ್ತಿಯ ಚೌಕಟ್ಟು ಹಾಗೇ ಇದ್ದು, ನೇರಳೆ ಭಾಗ ಮಾತ್ರ ನಡುವಿಗೆ ಮುದುಡುತ್ತದೆ. ಇನ್ನೊಂದು ತುಂಡನ್ನು ಮೊದಲು ಕುದಿಸಿ ಇದನ್ನೇ ಮಾಡಿ. ಏನೂ ಮುದುಡುವುದಿಲ್ಲ, ಕುದಿಸುವಾಗಲೇ ಬಣ್ಣ ನೀರಿಗೆ ಬಿಟ್ಟಿರುತ್ತದೆ. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ಎಸಳಿನ ಹೊರಬದಿಯ ಬಣ್ಣದ ಸಿಪ್ಪೆಯಾದರೂ ನಡೆಯುತ್ತದೆ. ಮೈಟೊಕಾಂಡ್ರಿಯ ಈ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣದು, ರೈಬೋಸೋಮಿಗಂತೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಮಗಳು ಅವನ್ನು ಹುಡುಕುತ್ತ ಬೇಸರಪಟ್ಟುಕೊಳ್ಳದಂತೆ ಮೊದಲೇ ಹೇಳಿಬಿಡಿ.